ಗಮನಕ್ಕೆಂದು ಕೊಟ್ಟ ಮಾತ್ರೆ

ನವೆಂಬರ್ 12, ಬುಧವಾರ

ಸಂಜೆ ಕಾಫಿಗೆ ಕರೆದದ್ದಕ್ಕೆ ಯಜಮಾನರು ಉಳಿ ಬೀಸಿ ಎಸೆದರು. ಅದು ನನ್ನ ಕಿವಿಯ ಪಕ್ಕದಲ್ಲೇ ಹಾದು ಬಾಗಿಲಿಗೆ ನಾಟಿಕೊಂಡಿತು.

ಗಮನ ನಿಲ್ಲದ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ, ಅರ್ಧಕ್ಕೇ ಬಿಟ್ಟಿದ್ದ ಮರಗೆಲಸವನ್ನೆಲ್ಲ ಮುಗಿಸಿಕೊಟ್ಟಿದ್ದರು. ಪ್ರಮಾಣ ಹೆಚ್ಚಿಸಿದ ಮೇಲೆ ನಿದ್ದೆ ಹೋಯಿತು, ಊಟ ಸೇರುತ್ತಿಲ್ಲ. ಮೊನ್ನೆ ಗೋಡೆಗೆ ಗುದ್ದಿ ಬೆರಳು ಮುರಿದುಕೊಂಡರು.

ಡಾಕ್ಟರಿಗೆ ಫೋನು ಮಾಡಿದೆ. ಮಾತ್ರೆ ನಿಲ್ಲಿಸಿ ಬೆಳಿಗ್ಗೆಯೇ ಮಂಡ್ಯಕ್ಕೆ ಕರೆತನ್ನಿ ಎಂದರು.

"ಮಾತ್ರೆ ಬುಟ್ರೆ ಕೆಲ್ಸ ಕೈಗತ್ತಲ್ಲ ಕಣಮ್ಮಿ," ಎಂದು ಇವರು ಅತ್ತರು. "ನಾಳೆ ಬಸ್ಸಲ್ಲಿ ನನ್ ಪಕ್ಕ ಕೂರ್ಬ್ಯಾಡ. ನನ್ ಕೈ ಮ್ಯಾಲೆ ನಂಗೇ ನಂಬ್ಕೆ ಇಲ್ಲ."

ಪಕ್ಕದಲ್ಲೇ ಕೂರುತ್ತೇನೆ. ಆದರೆ ಈಗ ಅವರು ಪಡಸಾಲೆಯಲ್ಲಿ ಮಲಗಿದ್ದಾರೆ, ನಾನು ಕೋಣೆಯ ಚಿಲಕ ಹಾಕಿಕೊಂಡಿದ್ದೇನೆ.