ಹೊರಗೆ ಕೊಟ್ಟ ಬಳ್ಳಿ

ಶ್ರೀರಾಂಪುರ, ಮೈಸೂರು
೧೪ ನವೆಂಬರ್ ೨೦೨೪

ಮುದ್ದು ಲಹರಿ,

ಹೇಗಿದ್ದೀಯ ಮಗಳೇ? ಪುಣೆಯ ಚಳಿಗೆ ಮತ್ತೆ ಕೆಮ್ಮು ಶುರುವಾಯಿತೇ? ಶಾಲು ಬ್ಯಾಗಿನ ತಳದಲ್ಲಿದೆ, ಹೊದ್ದುಕೊ. ಪೂಲ್ ಟೇಬಲ್ಲಿನ ಹತ್ತಿರ ಯಾರೂ ನೋಡಿ ನಗುವುದಿಲ್ಲ. ಕ್ಯಾಂಪ್ ಮುಗಿಯುವವರೆಗೆ ನಿಮ್ಮ ಕೋಚ್ ಎಲ್ಲರ ಫೋನ್ ಇಸಿದುಕೊಂಡದ್ದು ನನಗೇನೋ ಒಳ್ಳೆಯದೇ ಆಯಿತು, ಎಷ್ಟೋ ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಪ್ಪಾಜಿಯ ಬಲಗೈ ನಡುಕ ಹಾಗೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಾತ್ರೆ ತೆಗೆದುಕೊಳ್ಳುತ್ತಾರೆ, ನಾನು ಎದುರಿಗೆ ನಿಂತರೆ.

ನೀನು ಹೊರಡುವ ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಅಂದದ್ದು ನೆನಪಿರಬೇಕು: "ಇನ್‌ಲೇ ಕೆಲ್ಸ, ಆ ಮರದ ಬಳ್ಳಿ ಕೂರ್ಸೋದು, ಹೊರಗೆ ಕೊಟ್ಬುಡಿ ಅಪ್ಪಾಜಿ, ಇಲ್ಲಾಂದ್ರೆ ಕ್ಯೂ ಕೋಲು ಮಾಡೋದೇ ಬುಟ್ಬುಡಿ." ಅವರು ನಿನ್ನನ್ನು ಕಳಿಸಲು ಸ್ಟೇಷನ್ನಿಗೂ ಬರಲಿಲ್ಲ. ನಿನ್ನ ಮಾತು ತಪ್ಪಲ್ಲ, ಆಡಿದ ಹೊತ್ತು ಬಿಸಿಯಾಗಿತ್ತು. ನಾನೂ ಒಳಗೊಳಗೇ ಅವರ ಕಡೆಯೇ ಇದ್ದೆ. ಕವಿತೆಯ ಒಂದು ಸಾಲನ್ನು ಬೇರೆಯವರಿಂದ ಬರೆಸಿಕೊಂಡರೆ ಅದು ಯಾರ ಕವಿತೆ ಅನ್ನಿಸುತ್ತಿತ್ತು. ಮರ ಆರಿಸುವುದು, ಕಡೆಯುವುದು, ಬಾಗುವುದಿದ್ದರೆ ಈಗಲೇ ಬಾಗಲಿ ಎಂದು ತಿಂಗಳುಗಟ್ಟಲೆ ನೇತುಹಾಕಿ ಕಾಯುವುದು, ತುದಿಗೆ ಚರ್ಮ ಅಂಟಿಸುವುದು, ಎಲ್ಲ ಅವರೊಬ್ಬರದೇ ಕೈ. ನೀನು ಹೋದ ಮೇಲೆ ನಿನಗೆಂದೇ ಮಾಡುತ್ತಿದ್ದ ಕ್ಯೂವಿನ ಹಿಡಿಯ ಮೇಲೆ ಬಳ್ಳಿ ಕೊರೆಯಲು ಕೂತರು. ಉಳಿ ಜಾರಿ ಬೀಟೆಮರ ಸೀಳಿತು. ಕೆಲವು ದಿನ ಶೆಡ್ಡನ್ನೇ ತೆರೆಯಲಿಲ್ಲ. ಇನ್ನು ಕೆಲಸವನ್ನೇ ನಿಲ್ಲಿಸುತ್ತಾರೆ ಎಂದು ನಾನು ಹೆದರಿ ಕೂತಿದ್ದೆ. ಒಂದು ಬೆಳಗ್ಗೆ ಇನ್ನೊಂದು ಬೀಟೆಯ ಹಿಡಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, "ನಡಿ, ಮಂಡಿ ಮೊಹಲ್ಲಾಗೆ ಹೋಗ್ಬರೋಣ" ಅಂದರು.

ಅಲ್ಲಿ ಪದ್ಮಾವತಮ್ಮ ಎಂಬವರಿದ್ದಾರೆ. ಬೀಟೆ ಹಲಗೆಯಲ್ಲಿ ಬಣ್ಣಬಣ್ಣದ ಮರ ಕೂರಿಸಿ ಆನೆ, ನವಿಲು ಮಾಡುವವರು. ನಮ್ಮ ಕೋಲು ನೋಡಿ ನಕ್ಕೇಬಿಟ್ಟರು. "ನಂದೇನಿದ್ರೂ ಟೇಬಲ್ಲು, ದೇವರ ಮನೆ ಬಾಗ್ಲು. ಇದು ಉರುಳೋ ಸಾಮಾನು ಕಣ್ರೀ, ಹಿಡ್ಕೊಳ್ಳೋಕೆ ಯಜಮಾನ್ರನ್ನ ಇಲ್ಲೇ ಬುಟ್ಟೋಗಿ" ಎಂದು ನನಗೆ ಹೇಳಿದರು. ಆದರೂ ಮಾಡಿಕೊಟ್ಟರು. ಹಲಸಿನ ಮರದ ಹಳದಿ ಎಲೆಗಳು, ಬಲು ತೆಳ್ಳಗೆ. ಅಪ್ಪಾಜಿ ತಂದು, ಕೋಲು ತಿರುಗಿಸಿ ಕಡೆಯುವ ಲೇತಿಗೆ ಏರಿಸಿ ಕೊನೆಯ ಸುತ್ತು ಹೆರೆದರು ನೋಡು, ಎಲೆಗಳ ಅಂಚೆಲ್ಲ ಹಾರಿಹೋಗಿ ಬಳ್ಳಿಯ ಜಾಗದಲ್ಲಿ ಹಳದಿ ಚುಕ್ಕೆಗಳು ಉಳಿದವು. ಚಪ್ಪಟೆ ಹಲಗೆಗೆ ತೆಳು ಮರ ಸಾಕು. ದುಂಡು ಕೋಲಿನ ಮೈಯನ್ನು ಲೇತ್ ಮತ್ತೊಮ್ಮೆ ಹೆರೆಯುತ್ತದೆ, ಮೊದಲು ಹೋಗುವುದು ಅಂಚು. ಹಾಗಾಗಿ ಎಲೆ ಕೂರಿಸುವ ತಗ್ಗು ಆಳವಿರಬೇಕು, ಎಲೆ ದಪ್ಪವಿರಬೇಕು. ಇದನ್ನು ಅಪ್ಪಾಜಿ ಆಕೆಗೆ ಹೇಳಿಯೇ ಇರಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳುವ ಪ್ರಸಂಗವೇ ಬಂದಿರಲಿಲ್ಲವಲ್ಲ.

"ಇದಕ್ಕೇ ನಾನು ಬೇಡ ಅಂದಿದ್ದು" ಎಂಬ ಮಾತಿಗಾಗಿ ನಾನು ಕಾದೆ. ಅವರು ಅಂದದ್ದು ಬೇರೆ: "ಕೈಗೆ ಗೊತ್ತಿತ್ತು ಕಣೆ, ಬಾಯಿಗೇ ಬರ್ಲಿಲ್ಲ." ಮಾರನೆಯ ದಿನ ಪದ್ಮಾವತಮ್ಮನನ್ನು ಆಟೋದಲ್ಲಿ ಕರೆತಂದು ಲೇತಿನ ಪಕ್ಕದ ಸ್ಟೂಲಿನಲ್ಲಿ ಕೂರಿಸಿದರು. ನನಗೂ ನಿನಗೂ ಬಿಟ್ಟುಕೊಡದ ಜಾಗ! ತಪ್ಪು ನನ್ನದು ಎಂದು ಮೊದಲೇ ಹೇಳಿ, ಹಾಳಾದ ಕೋಲನ್ನೇ ತಿರುಗಿಸುತ್ತ ತೋರಿಸಿದರು. ವಿವರಿಸಿ ರೂಢಿಯಿಲ್ಲ, ತಡವರಿಸುತ್ತಿದ್ದರು. "ನಿಧಾನವಾಗಿ ಹೇಳಿ ಸ್ವಾಮಿ, ನಾನೇನ್ ಓಡೋಗಲ್ಲ" ಎಂದು ಆಕೆ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ನನಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ. ಈ ವಯಸ್ಸಿನಲ್ಲಿ ತನ್ನ ವಿದ್ಯೆಗೆ ಮಾತು ಹುಡುಕುತ್ತಿರುವ ಮನುಷ್ಯನನ್ನು ನೋಡುವುದೇ ಒಂದು ಭಾಗ್ಯ ಅನ್ನಿಸಿತು.

ಮತ್ತೊಂದು ಹಿಡಿಯ ಮೇಲೆ ಹೊಸ ಬಳ್ಳಿ ಬಂದಿದೆ. ಎಲೆಯ ಮೊನೆ ಜೀರಿಗೆಯ ತುದಿಯಷ್ಟು ಸಣ್ಣ. ಅಪ್ಪಾಜಿ ಕಣ್ಣಿನ ಹತ್ತಿರ ಹಿಡಿದು, "ಕೈ ನೆಟ್ಟಗಿದ್ದಾಗ್ಲೂ ನಂಗಿಷ್ಟು ಸಣ್ಣಕ್ಕೆ ಬರ್ತಿರ್ಲಿಲ್ಲ" ಅಂದರು. ಆ ಮಾತಿನಲ್ಲಿ ಹೊಟ್ಟೆಕಿಚ್ಚಿದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಕಡೆದದ್ದು, ಜೋಡಿಸಿದ್ದು, ತೂಕ ಹೊಂದಿಸಿದ್ದು ಅವರೇ. ಲೇತಿನಲ್ಲಿ ಉಳಿಯನ್ನು ಯಂತ್ರ ಹಿಡಿಯುತ್ತದೆ, ಅಲ್ಲಿ ನಡುಕದ ಬಾಧೆಯಿಲ್ಲ.

ಊಟ ಬಿಡಬೇಡ. ನಿನ್ನ ರೂಮಿನ ಅಕ್ಷತಾಳನ್ನು ಕೇಳಿದೆನೆಂದು ಹೇಳು, ಚಟ್ನಿಪುಡಿ ಇಬ್ಬರಿಗೂ ಕಳಿಸುತ್ತೇನೆ. ಕಣ್ಣು ಚೆಂಡಿನ ಮೇಲಿರಲಿ, ಮನಸ್ಸು ಹಗುರವಾಗಿರಲಿ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ದಾರಿ ಕಾಯುವ
ಅಮ್ಮ

ಕವರ್ ಅಂಟಿಸುವ ಮುಂಚೆ: ಇದನ್ನು ನಿನಗೆ ಹೇಳಕೂಡದೆಂದು ಅಪ್ಪಾಜಿಯ ಕಟ್ಟಪ್ಪಣೆ. ಬರುವ ಭಾನುವಾರವಲ್ಲ, ಅದರಾಚೆಯ ಭಾನುವಾರ ಕ್ಯೂ ಹಿಡಿದುಕೊಂಡು ಅವರೇ ಅಲ್ಲಿಗೆ ಬರುತ್ತಿದ್ದಾರೆ. ಮರ ನೋಡೋಕೆ ಬಂದೆ ಅನ್ನುತ್ತಾರೆ, ನಂಬಿದ ಹಾಗೆ ಮಾಡು. ಹೊಸ ಆರ್ಡರುಗಳಿಗೆ ಇನ್ನೂ ಹೂಂ ಅಂದಿಲ್ಲ. ನೀನು ಆಡಿ ಸರಿಯಿದೆ ಅಂದರೆ ಮುಂದುವರಿಸುತ್ತಾರಂತೆ, ಇಲ್ಲವಾದರೆ ಇಲ್ಲ. ಬಳ್ಳಿಯನ್ನು ಹೊಗಳುತ್ತ ಕೂರಬೇಡ, ಆಡು. ತೂಕ ತಪ್ಪಿದ್ದರೆ ಮುಖಕ್ಕೇ ಹೇಳು. ನೀನು ಕನಿಕರಕ್ಕೆ ಆಡಿದ ಮಾತು ಅವರಿಗೆ ತಕ್ಷಣ ಗೊತ್ತಾಗುತ್ತದೆ ಕಣೇ.