ನಾಲ್ಕನೆಯ ಗಾಡಿ

೬ ನವೆಂಬರ್ ೨೦೦೬, ಸೋಮವಾರ

ಬೆಳಗಿನ ಡ್ಯೂಟಿ. ಚಳಿ ಶುರುವಾಗಿದೆ, ಕಂಟ್ರೋಲ್ ರೂಮಿನ ಎಸಿ ಮಾತ್ರ ನಿಲ್ಲಿಸುವುದಿಲ್ಲ. ಕಂಪ್ಯೂಟರಿಗೆ ಬೇಕಂತೆ.

ಜಿಪಿಎಸ್ ಬಂದು ವಾರವಾಯಿತು. ನಮ್ಮ ಸೆಕ್ಯುರಿಟಿ ಕಂಪನಿಯ ಐದೂ ಬೊಲೆರೊಗಳು ನಕ್ಷೆಯ ಮೇಲೆ ಹಸಿರು ಚುಕ್ಕೆಗಳಾಗಿ ಹರಿದಾಡುತ್ತವೆ. ಯಾವ ಕಾರ್ಖಾನೆಯಲ್ಲಿ ಅಲಾರಂ ಹೊಡೆದರೂ ಹತ್ತಿರದ ಚುಕ್ಕೆ ನೋಡಿ ಗಾಡಿ ಕಳಿಸಬೇಕು. ಅದು ನನ್ನ ಕೆಲಸ. ನಾಲ್ಕನೆಯ ಗಾಡಿ ತಮ್ಮ ಸಿದ್ದಾರೂಢನದು. ಅವನಿಗೆ ಈ ನೌಕರಿ ಕೊಡಿಸಿದ್ದು ನಾನೇ.

ಮಧ್ಯಾಹ್ನ ವೈರ್‌ಲೆಸ್‌ನಲ್ಲಿ ಅವನ ದನಿ. "ಅಕ್ಕಾ, ಚಹಾಕ್ಕ ನಿಂತೇನಿ. ಆಮ್ಯಾಲೆ ನಿನ್ನ ಮಷಿನ್ ಚಾಡಿ ಹೇಳತೈತಿ, ಅದಕ್ಕ ಮೊದಲ ನಾನ ಹೇಳೀನಿ." ಹಿಂದೆ ಜೊತೆಯ ಗಾರ್ಡ್ ಬಾಳು ನಗುವುದು ಕೇಳಿಸಿತು. ಒಂದೇ ಗಾಡಿಯಲ್ಲಿ ಇಬ್ಬರೂ — ಸ್ಟಿಯರಿಂಗ್ ಸಿದ್ದನ ಕೈಯಲ್ಲಿ, ಲಾಠಿ ಬಾಳುವಿನ ಕೈಯಲ್ಲಿ.

ವೈರ್‌ಲೆಸ್‌ನಲ್ಲಿ ಕನ್ನಡ ಬೇಡ, ಮರಾಠಿಯಲ್ಲೇ ಮಾತಾಡಿ ಎಂದು ಮ್ಯಾನೇಜರ್ ಸಾಹೇಬರಿಂದ ಮತ್ತೆ ಬೈಗುಳ.

೧೪ ನವೆಂಬರ್

ಮೀಟಿಂಗ್. ಗಾಡಿ ಎಲ್ಲಿದೆ ಎಂದು ಈಗ ಸದಾ ಕಾಣುತ್ತದೆ, ಆದ್ದರಿಂದ ಒಂದು ಗಾಡಿಗೆ ಒಬ್ಬನೇ ಸಾಕು ಎಂದರು ಸಾಹೇಬರು. ನಾಳೆಯಿಂದಲೇ. ಬಾಳುವನ್ನು ಊರಿನ ಇನ್ನೊಂದು ತುದಿಗೆ, ಮಗರಪಟ್ಟಾದ ಒಂದು ಟವರಿನ ಗೇಟಿಗೆ ಹಾಕಿದರು. ಅಲಾರಂ ಹೊಡೆದಲ್ಲಿ ನಾಲ್ಕು ಜನ ಕಳ್ಳರಿದ್ದರೆ ಒಬ್ಬ ಏನು ಮಾಡಬೇಕು ಸರ್ ಎಂದು ಕೇಳಿದೆ. ನೋಡಬೇಕು, ಹೇಳಬೇಕು, ಅಷ್ಟೇ, ಹೊಡೆದಾಡಲು ಯಾರು ಹೇಳಿದರು ಎಂದರು. ಎಲ್ಲರೂ ನಕ್ಕರು.

ರಾತ್ರಿ ಊಟಕ್ಕೆ ಕೂತಾಗ ಸಿದ್ದನೂ ನಕ್ಕ. "ಛಲೋ ಆತ ಬಿಡು. ಬಾಳ್ಯಾ ಭಾಳ ಗೊರಕೀ ಹೊಡೀತಿದ್ದ."

ಅವ್ವ ಮಾತ್ರ ನಗಲಿಲ್ಲ. "ಬಾಳು ಜೋಡಿ ಇದ್ದಾನಂದ್ರ ನನಗ ನಿದ್ದಿ ಬರ್ತಿತ್ತು."

೩೦ ನವೆಂಬರ್, ಗುರುವಾರ, ಸಂಜೆ

ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಗುರುವಾರ, ಇಲ್ಲಿನ ಕಾರ್ಖಾನೆಗಳಿಗೆ ವಾರದ ರಜೆ. ರಸ್ತೆಗಳೆಲ್ಲ ಖಾಲಿ. ಮಧ್ಯಾಹ್ನ ತಳವಡೆಯ ಒಂದು ತಾಮ್ರದ ಗೋಡೌನಿನಿಂದ ಅಲಾರಂ. ಹತ್ತಿರವಿದ್ದದ್ದು ನಾಲ್ಕನೆಯ ಗಾಡಿ. ಕಳಿಸಿದೆ.

"ಹೊಂಟೆ ಅಕ್ಕಾ."

ಚುಕ್ಕೆ ಅಲ್ಲಿಗೆ ಹೋಯಿತು. ನಿಂತಿತು. ಆಮೇಲೆ ವೈರ್‌ಲೆಸ್‌ಗೆ ಉತ್ತರವಿಲ್ಲ, ಮೊಬೈಲೂ ಎತ್ತುವುದಿಲ್ಲ. ಪೊಲೀಸರಿಗೆ ಫೋನ್ ಮಾಡಿದೆ. ಭೋಸರಿಯಿಂದ ಎರಡನೆಯ ಗಾಡಿ ಹೊರಡಿಸಿದೆ. ಅದು ತಲುಪುವ ಮೊದಲೇ ನಾಲ್ಕು ಚಲಿಸಿತು. ಹೋದ ಜೀವ ಬಂದಂತಾಯಿತು.

ಆದರೆ ಅದು ನಿಗಡಿಗೆ, ನಮ್ಮ ಆಫೀಸಿನ ಕಡೆ ಬರಲಿಲ್ಲ. ಮೋಶಿಯ ದಾರಿ ಹಿಡಿಯಿತು. ಅಲ್ಲೊಂದು ಕಡೆ ನಿಂತಿತು. ಈಗ ಮಾತಾಡುತ್ತಾನೆ, ಈಗ ಮಾತಾಡುತ್ತಾನೆ ಎಂದು ಮೈಕ್ ಬಾಯಿಗೆ ಹಿಡಿದು ಕೂತೆ. ಮತ್ತೆ ಹೊರಟಿತು, ಚಾಕಣ ದಾಟಿತು. "ಸಿದ್ದೂ, ಎಲ್ಲಿ ಹೊಂಟೀಯೋ" ಎಂದು ಕನ್ನಡದಲ್ಲೇ ಕೂಗಿದೆ. ಈ ಸಲ ಸಾಹೇಬರು ಬೈಯಲಿಲ್ಲ. ನನ್ನ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದರು.

ಚಾಕಣದ ಆಚೆ ಚುಕ್ಕೆ ನಿಂತಿತು. ನಿಂತೇ ಇದೆ.

ಭೋಸರಿಯ ಡ್ರೈವರ್ ಗೋಡೌನಿನಿಂದ ಹೇಳಿದ — ಶಟರ್ ಮುರಿದಿದೆ, ತಾಮ್ರ ಇಲ್ಲ, ಯಾರೂ ಇಲ್ಲ.

ಸಾಹೇಬರು ಮೆಲ್ಲಗೆ, ಮರಾಠಿಯಲ್ಲಿ, ಮನೆಗೆ ಹೋಗಿ ಮ್ಯಾಡಮ್ ಎಂದರು. ಆ ಮೆಲುದನಿಯಲ್ಲೇ ಗೊತ್ತಾಯಿತು. ಸಿದ್ದನೇ ಕಳ್ಳರ ಜೊತೆ ಸೇರಿದ್ದಾನೆ ಎಂದುಕೊಂಡಿದ್ದಾರೆ.

೧ ಡಿಸೆಂಬರ್

ಹಟ ಮಾಡಿ ಪೊಲೀಸ್ ಜೀಪಿನ ಹಿಂದೆ ಹೋದೆ. ಬಾಳು ರಜೆ ಕೇಳದೆ ಮಗರಪಟ್ಟಾದಿಂದ ಬಂದಿದ್ದ. ಚುಕ್ಕೆ ಇದ್ದದ್ದು ಕಬ್ಬಿನ ಗದ್ದೆಯಲ್ಲಿ. ಗಾಡಿ ಕಾಣಲಿಲ್ಲ. ಆದರೂ ಚುಕ್ಕೆ ಇದ್ದಲ್ಲಿ ಅವನೂ ಇರಬೇಕು ಎಂದು ಕಬ್ಬಿನ ಸಾಲುಗಳಲ್ಲಿ ಕೂಗುತ್ತ ನುಗ್ಗಿದೆವು. ಗರಿಗಳು ಕೈ, ಕೆನ್ನೆ ಎಲ್ಲ ಗೀರಿದವು.

ಸಿಕ್ಕಿದ್ದು ಜಿಪಿಎಸ್ ಡಬ್ಬಿ. ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದು, ಕಪ್ಪು. ವೈರುಗಳನ್ನು ಕಿತ್ತು ರಸ್ತೆಯಿಂದ ಎಸೆದಿದ್ದರು. ಒಳಗೆ ಬ್ಯಾಟರಿ ಇರುತ್ತದಂತೆ, ಅದರ ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು. ನಿನ್ನೆ ಸಂಜೆಯವರೆಗೆ ನಾನು ನೋಡುತ್ತ ಕೂತದ್ದು ಇದನ್ನು.

ಡ್ಯಾಶ್‌ಬೋರ್ಡಿನ ಒಳಗೆ ಡಬ್ಬಿ ಇದೆ ಎಂದು ಡ್ರೈವರನ ಹೊರತು ಯಾರಿಗೆ ಗೊತ್ತು ಎಂದರು ಪೊಲೀಸರು. ಕಳ್ಳರು ಅವನನ್ನು ಹೊಡೆದು ಬಾಯಿ ಬಿಡಿಸಿರಬಹುದಲ್ಲ ಎಂದೆ. ಕೇಳಿಸಿಕೊಳ್ಳಲಿಲ್ಲ.

ಬಾಳು ಬದುವಿನ ಮೇಲೆ ಕುಸಿದು ಕೂತ. "ಅಕ್ಕಾರ, ನಾ ಅವನ ಜೋಡಿ ಇದ್ದಿದ್ರ..."

೫ ಡಿಸೆಂಬರ್

ಸಿದ್ದನ ಮೇಲೆ ಕಂಪನಿ ದೂರು ಕೊಟ್ಟಿದೆಯಂತೆ, ಪೊಲೀಸರು ಮನೆಗೆ ಬಂದರು. ಸಿದ್ದನ ಟ್ರಂಕು, ಹಾಸಿಗೆ, ಅಕ್ಕಿಯ ಡಬ್ಬಿ ಕೂಡ ಜಾಲಾಡಿದರು. ಚಾಳಿನ ನೆರೆಹೊರೆಯವರೆಲ್ಲ ಬಾಗಿಲಲ್ಲಿ. ಅವ್ವ ದೇವರ ಜಗಲಿಯ ಮೇಲಿನ ಬಟ್ಟೆಯನ್ನೂ ತಾನೇ ಎತ್ತಿ ತೋರಿಸಿದಳು. "ನೋಡ್ರಿ ಸಾಹೇಬರ. ಲಿಂಗದ ಕೆಳಗೂ ನೋಡ್ರಿ. ತಾಮ್ರ ಸಿಕ್ಕರ ನನಗೂ ತೋರಸ್ರಿ." ಏನು ಹೇಳುತ್ತಿದ್ದಾಳೆ ಎಂದು ಹವಾಲ್ದಾರ ಮರಾಠಿಯಲ್ಲಿ ಕೇಳಿದ. ಏನಿಲ್ಲ ಎಂದೆ.

ಸದ್ಯಕ್ಕೆ ಕೆಲಸಕ್ಕೆ ಬರಬೇಡಿ ಎಂದು ಕಂಪನಿಯಿಂದ ಫೋನ್. ಕೊನೆಗೂ ಕೇಳಿದೆ — ಗಾಡಿಗಳಲ್ಲಿ ಈಗ ಇಬ್ಬರು ಹೋಗುತ್ತಿದ್ದಾರಾ? ಲೈನ್ ಕಟ್ಟಾಯಿತು.

೯ ಡಿಸೆಂಬರ್

ಅವ್ವ ಊಟ ಬಿಟ್ಟಿದ್ದಾಳೆ. ಚಹಾ ಮಾತ್ರ. ಬೆಳಿಗ್ಗೆ ನನ್ನ ಪಕ್ಕ ಬಂದು ಕೂತು, ಯಾರೋ ಕದ್ದು ಕೇಳುತ್ತಿರುವಂತೆ ಪಿಸುಗುಟ್ಟಿದಳು.

"ಅವ ಕಳ್ಳನ ಆಗಿರ್ಲಿ ನೀತಾ. ಕದ್ಕೊಂಡು ಎಲ್ಲೆರ ಓಡಿ ಹೋಗಿರ್ಲಿ. ನನಗೇನ ಬ್ಯಾಸರಿಲ್ಲ."

ಅವಳನ್ನು ಬೈಯಬೇಕಿತ್ತು. ನಮ್ಮ ಸಿದ್ದ ಅಂಥವನೇನವ್ವ ಎಂದು ಕೇಳಬೇಕಿತ್ತು. ಆದರೆ ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೇನೆ. ಸೂರತ್ತಿನಲ್ಲೋ ಇಂದೂರಿನಲ್ಲೋ ತಾಮ್ರ ಮಾರಿ ಯಾವುದೋ ಲಾಡ್ಜಿನಲ್ಲಿ ಮಲಗಿರಲಿ. ಜೈಲಿಗೆ ಹೋಗಲಿ. ಜೈಲಿನಲ್ಲಾದರೆ ಭೇಟಿಗೆ ಬಿಡುತ್ತಾರೆ.

೧೩ ಡಿಸೆಂಬರ್, ಮಧ್ಯಾಹ್ನ

ಬೆಳಿಗ್ಗೆ ಠಾಣೆಯಿಂದ ಕರೆ. ಮೋಶಿಯ ಆಚೆ, ಪಾಳುಬಿದ್ದ ಕಲ್ಲುಗಣಿಯ ನೀರಿನಲ್ಲಿ. ಅವ್ವನಿಗೆ ವಕೀಲರ ಹತ್ತಿರ ಹೋಗುತ್ತೇನೆ ಎಂದು ಹೇಳಿ ಹೋದೆ. ಬಾಳು ಜೊತೆಗಿದ್ದ.

ಸಿದ್ದನೇ. ಮುಖದಲ್ಲಿ ಗುರುತು ಉಳಿದಿರಲಿಲ್ಲ. ಕಂಪನಿಯ ನೀಲಿ ಅಂಗಿ, ಅದರ ತೋಳಿಗೆ ನಾನು ಹಾಕಿದ ಹೊಲಿಗೆ. ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು, ಗಾಡಿಯ ಹಗ್ಗದಿಂದಲೇ. ಆ ಗುರುವಾರವೇ ಜೀವ ಹೋಗಿರಬೇಕು ಎಂದರು ಡಾಕ್ಟರು. ಹಾಗಾದರೆ ಮೋಶಿಯಲ್ಲಿ ಗಾಡಿ ನಿಂತದ್ದು ಇದಕ್ಕೆ. ಉತ್ತರ ಕೊಡುತ್ತಾನೆ ಎಂದು ನಾನು ಕಾದು ಕೂತದ್ದು ಆಗಲೇ.

ಸಾಹೇಬರು ಹಾರ ಹಿಡಿದುಕೊಂಡು ಬಂದಿದ್ದರು. ದೂರು ವಾಪಸ್ ತೆಗೆದುಕೊಳ್ಳುತ್ತೇವೆ, ಖರ್ಚೆಲ್ಲ ಕಂಪನಿಯದು ಎಂದರು. ಇವತ್ತು ಗಾಡಿಗಳಲ್ಲಿ ಎಷ್ಟು ಜನ ಹೋಗಿದ್ದಾರೆ ಎಂದು ಕೇಳಿದೆ. ಇದು ಆ ಮಾತಿಗೆ ಸಮಯವಲ್ಲ ಮ್ಯಾಡಮ್ ಎಂದರು. ಹಾರ ಬಾಳು ಮುಟ್ಟಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ.

ಸಂಜೆ ಮನೆಗೆ ತರುತ್ತಾರೆ. ಅಷ್ಟರೊಳಗೆ ಹೇಳಬೇಕು.

ಬಂದಾಗ ಅವ್ವ ಒಲೆಯ ಮುಂದೆ. ಇಷ್ಟು ದಿನಗಳಲ್ಲಿ ಇವತ್ತು ಮೊದಲ ಸಲ ರೊಟ್ಟಿ ಬಡಿಯುತ್ತಿದ್ದಾಳೆ. ವಕೀಲರು ಎಂದದ್ದಕ್ಕೆ ಧೈರ್ಯ ಬಂದಿರಬೇಕು. ತಿರುಗಿ ನೋಡದೆಯೇ ಕೇಳಿದಳು, "ಏನಂದ್ರ ವಕೀಲರು? ಸಿಕ್ಕರ ಭಾಳ ವರ್ಷ ಹಾಕತಾರೇನ ಅವಗ?"

ಮೊದಲು ಊಟ ಮಾಡೋಣವ್ವ ಎಂದೆ. ಈ ಕೋಣೆಗೆ ಬಂದು ಬಾಗಿಲು ಎಳೆದುಕೊಂಡೆ. ಬರೆಯುತ್ತಿರುವಷ್ಟು ಹೊತ್ತು ಹೇಳಬೇಕಾಗಿಲ್ಲ.

ತಿನ್ನಲಿ. ಒಂದು ರೊಟ್ಟಿಯಾದರೂ ತಿನ್ನಲಿ. ಆಮೇಲೆ ಎಷ್ಟು ದಿನ ತಿನ್ನುವುದಿಲ್ಲವೋ.

ತಾಟು ಇಡುವ ಸದ್ದು. "ನೀತಾ, ಬಾಳು ಯಾಕ ಹೊರಗ ಮೆಟ್ಟಲ ಮ್ಯಾಲ ಕುಂತಾನ? ಒಳಗ ಕರೀ ಅವನ್ನ, ಉಣ್ಣಲಿ."

ಬಾಳು ಅಳುತ್ತಿದ್ದಾನೆ. ಒಳಗೆ ಬಂದರೆ ಅವನ ಮುಖ ನೋಡಿ ಅವ್ವ... ತಾನೇ ಎದ್ದಳು. ಹೆಜ್ಜೆಯ ಸದ್ದು ಬಾಗಿಲ ಕಡೆ ಹೋಗುತ್ತಿದೆ. ಪೆನ್ನು ಇಡುತ್ತೇನೆ, ಅವಳು ಬಾಳುವಿನ ಮುಖ ನೋಡುವ ಮೊದಲು ನಾನೇ ಹೇಳಬೇಕು.