ಒಂದು ಹಿಡಿ ಹುಣಸೆಬೀಜ

ಗೌನಿಪಲ್ಲಿ
9-2-1983

ಅಮ್ಮಾ,

ತಾಯಲೂರಿನಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿಕೊಂಡೇ ಶುರು ಮಾಡುತ್ತೇನೆ. ಸೋಮವಾರ ಬರುತ್ತೇನೆ ಎಂದಿದ್ದೆ, ಬರುವುದಿಲ್ಲ. ಬೈಯುವ ಮುಂಚೆ ಪೂರ್ತಿ ಓದು.

ನೀನು ಕೇಳಿದಾಗಲೆಲ್ಲ ‘ಮಕ್ಕಳ ಶ್ವಾಸಕೋಶದ ಓದು’ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ವಿಷಯ ಇಷ್ಟೇ. ಎದೆಯಲ್ಲಿ ನ್ಯುಮೋನಿಯಾ ಕೂತ ಮಗು ನಿದ್ದೆಯಲ್ಲೂ ಬೇಗ ಬೇಗ ಉಸಿರಾಡುತ್ತದೆ. ಡಾಕ್ಟರಿಲ್ಲದ ಊರಿನಲ್ಲಿ ತಾಯಿಯೇ ಆ ಉಸಿರನ್ನು ಎಣಿಸಿ ಕಾಯಿಲೆ ಹಿಡಿಯಬಹುದೇ? ಇದೇ ನನ್ನ ಪ್ರಬಂಧದ ಪ್ರಶ್ನೆ. ಈ ತಿಂಗಳ ಕೊನೆಗೆ ಒಪ್ಪಿಸಬೇಕು, ಇಲ್ಲದಿದ್ದರೆ ಈ ವರ್ಷ ಪರೀಕ್ಷೆಯಿಲ್ಲ.

ಇಲ್ಲಿನ ಎಂಬತ್ತು ತಾಯಂದಿರಿಗೆ ಸರದಿಯಂತೆ ಒಂದು ನಿಮಿಷದ ಮರಳು ಗಡಿಯಾರ ಕೊಟ್ಟೆ. ಮಲಗಿದ ಮಗುವಿನ ಹೊಟ್ಟೆ ಒಮ್ಮೆ ಮೇಲೆದ್ದರೆ ಬಟ್ಟಲಿಗೆ ಒಂದು ಹುಣಸೆಬೀಜ. ಮರಳು ಮುಗಿದ ಮೇಲೆ ಅವರು ಗಂಟು ಕಟ್ಟಿಡುವುದು, ನಾನು ಎಣಿಸುವುದು. ಬಂದದ್ದೆಷ್ಟು ಗೊತ್ತೇ? ಹದಿನೆಂಟು, ಇಪ್ಪತ್ತು! ಪುಸ್ತಕದಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. ಈ ಸೀಮೆಯ ಮಕ್ಕಳು ಋಷಿಗಳ ಹಾಗೆ ಉಸಿರಾಡುತ್ತಾರಲ್ಲ ಎಂದು ಬೆರಗಾದೆ. ಮಾವಿನ ತೋಪಿನ ಗಾಳಿಯ ಗುಣವಿರಬೇಕೆಂದು ಎರಡು ಪುಟ ಬರೆದೂಬಿಟ್ಟೆ. ನಗಬೇಡ.

ಮೊನ್ನೆ ಮಧ್ಯಾಹ್ನ ಮುನಿಯಲ್ಲಮ್ಮ ಎಂಬವಳ ಗಂಟು ಬಿಚ್ಚಿದೆ. ಮೂವತ್ತೆಂಟು ಬೀಜ. ಐವತ್ತು ದಾಟಿಲ್ಲ, ಭಯವಿಲ್ಲ ಎಂದು ಬರೆಯುತ್ತಿದ್ದೆ. ಅವಳ ಮಡಿಲಲ್ಲಿ ಮಲಗಿದ್ದ ಒಂದು ವರ್ಷದ ಮಗಳ ಮೂಗಿನ ಹೊಳ್ಳೆಗಳು ಅರಳುತ್ತಿದ್ದುದು ಕಂಡಿತು. ನಾನೇ ಎಣಿಸಿದೆ. ಅರವತ್ತೆರಡು. ಮತ್ತೆ ಎಣಿಸಿದರೂ ಅಷ್ಟೇ. ಸರಿಯಾಗಿ ಬೀಜ ಹಾಕಿದೆಯಾ ಎಂದು ಕೇಳಿದೆ.

“ಹಾಕ್ದೆ ಡಾಕ್ಟ್ರಮ್ಮಾ. ಆದ್ರೆ ಮಲಗಿರೋ ಕೂಸಿನ ಉಸಿರು ಎಣಿಸಿದ್ರೆ ದಿಷ್ಟಿ ತಗಲಲ್ವಾ? ಅದಕ್ಕೇ ಒಂದು ಹಿಡಿ ತೆಗೆದು, ನಿವಾಳಿಸಿ, ಒಲೆಗೆ ಹಾಕ್ದೆ. ಎಲ್ರೂ ಹಂಗೇ ಮಾಡಿರೋದು” ಎಂದಳು.

ಸಿಟ್ಟು ಬರಲಿಲ್ಲ ಅಮ್ಮಾ, ನಾಚಿಕೆಯಾಯಿತು. ಅವರೆಲ್ಲ ಸರಿಯಾಗಿಯೇ ಎಣಿಸಿದ್ದರು. ಮಲಗಿದ ಮಗುವನ್ನು ದಿಟ್ಟಿಸಬಾರದೆಂದು ನೀನು ಎಷ್ಟು ಸಲ ಹೇಳಿಲ್ಲ! ಡಾಕ್ಟರಾಗುವಷ್ಟರಲ್ಲಿ ಮರೆತೇಬಿಟ್ಟಿದ್ದೆ.

ಮಗುವನ್ನು ಅಂದೇ ಬಸ್ಸಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ಇವತ್ತು ಹಾಲು ಕುಡಿದಳಂತೆ. ಇನ್ನು ಉಳಿದ ಎಪ್ಪತ್ತೊಂಬತ್ತು ಮಕ್ಕಳ ಚಿಂತೆ. ಅವರಲ್ಲಿ ಇನ್ಯಾರ ಎದೆ ಹೀಗೆ ಕಟ್ಟಿದೆಯೋ. ಪ್ರೊಫೆಸರಿಗೆ ಫೋನ್ ಮಾಡಿ, ನನ್ನ ಅಂಕಿಗಳೆಲ್ಲ ತಪ್ಪು, ಮೊದಲಿನಿಂದ ಮಾಡುತ್ತೇನೆ ಎಂದು ಹೇಳಿಬಿಟ್ಟೆ. ಬೈದರು, ಆಮೇಲೆ ಒಪ್ಪಿದರು. ಪರೀಕ್ಷೆ ಮುಂದಿನ ವರ್ಷ. ಪರೀಕ್ಷೆ ಮುಗಿದ ಮೇಲೆ ಮದುವೆ ಎಂದು ಕಾದಿರುವ ಗಂಡಿನ ಕಡೆಯವರಿಗೂ ಹಾಗೇ ತಿಳಿಸು. ಈ ಸಲ ಎಣಿಸಲು ಒಂದು ಗಂಟು ಬೀಜ, ನಿವಾಳಿಸಲು ಇನ್ನೊಂದು ಗಂಟು ಕೊಡುತ್ತಿದ್ದೇನೆ. ಆಗಲೇ ಹನ್ನೊಂದು ಮನೆ ಮುಗಿದವು.

ನಿನ್ನ ಮೊಂಡು ಮಗಳು,
ಶ್ಯಾಮಲಾ

ತಾ.ಕ.: ಪ್ರೊಫೆಸರಿಗೆ ಹೇಳಿದೆ ಎಂದು ಬರೆದದ್ದು ಸುಳ್ಳು. ಎರಡು ಸಲ ಪೋಸ್ಟಾಫೀಸಿನ ಫೋನಿನ ತನಕ ಹೋಗಿ ವಾಪಸು ಬಂದೆ. ಮೂರು ವರ್ಷದ ಓದು ಅಮ್ಮಾ, ಭಯವಾಗುತ್ತದೆ. ಒಲೆಗೆ ಹಾಕಿದ ಬೀಜದ ವಿಷಯ ಆ ತಾಯಂದಿರಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಸುಮ್ಮನಿದ್ದುಬಿಡಬಹುದಿತ್ತು. ಈಗ ನಿನಗೂ ಗೊತ್ತಾಯಿತು. ಅದಕ್ಕೇ ಈ ಕಾಗದವನ್ನು ಮೊದಲು ಡಬ್ಬಿಗೆ ಹಾಕಿ, ಆಮೇಲೆ ಫೋನಿನ ಹತ್ತಿರ ಹೋಗುತ್ತೇನೆ.